ಬಿಸಿಯಿದ್ದರೆ ಮಡಿಕೆ, ಆರಿದರೆ ಬಿರುಕು: ಮಲೆನಾಡಿನ ಬಂಡೆ ಓದುವುದು ಹೇಗೆ?

ಆಲೆಮನೆ ಶುರುವಾದರೆ ನಮ್ಮ ಸಾಗರದ ಕಡೆ ತೊಡೆದೇವು ಮಾಡುತ್ತಾರೆ. ಒಲೆಯ ಮೇಲೆ ಮಣ್ಣಿನ ಗಡಿಗೆಯನ್ನು ಕವುಚಿ ಹಾಕಿ, ಕಬ್ಬಿನ ಹಾಲಿನಲ್ಲಿ ಕಲಸಿದ ತೆಳು ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಸಲಕ್ಕೆ ತೊಡೆಯಬೇಕು. ಕಾಗದದಂಥ ಹಾಳೆ ಏಳುತ್ತದೆ. ತುಪ್ಪ ಸವರಿ, ಗಡಿಗೆಯ ಮೇಲೆ ಇದ್ದ ಹಾಗೇ ಮಡಚಿ ತೆಗೆಯಬೇಕು. ಚಿಕ್ಕವನಿದ್ದಾಗ ಒಮ್ಮೆ ನಾನು ಹಾಳೆಯನ್ನು ಮೊದಲು ತಟ್ಟೆಗೆ ಹಾಕಿಕೊಂಡು, ಆಮೇಲೆ ನಿಧಾನವಾಗಿ ಮಡಚಲು ಹೋದೆ. ಚಟ್ ಅಂತ ನಾಲ್ಕು ಚೂರಾಯಿತು. "ಬಿಸಿ ಇದ್ದಾಗ್ಲೇ ಮಡಚಬೇಕು ಮಾರಾಯ, ಆರಿದ್ಮೇಲೆ ಮಡಚಿದ್ರೆ ಮುರಿಯದೆ ಇನ್ನೇನಾಗುತ್ತೆ?" ಅಂದರು ದೊಡ್ಡಮ್ಮ.

ಭೂಮಿಯ ಹೊರಪದರ ಎಲ್ಲಿ ಮಡಚಿಕೊಳ್ಳುತ್ತದೆ, ಎಲ್ಲಿ ಮುರಿಯುತ್ತದೆ ಎಂಬ ಪ್ರಶ್ನೆಗೆ ಮುಕ್ಕಾಲು ಉತ್ತರ ಆ ಮಾತಿನಲ್ಲೇ ಇದೆ. ನೆಲದೊಳಗೆ ಒಂದೊಂದು ಕಿಲೋಮೀಟರ್ ಇಳಿದಂತೆ ಬಿಸಿ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಆಳದಲ್ಲಿ ಬೆಣಚುಕಲ್ಲಿನಂಥ ಗಟ್ಟಿ ಕಲ್ಲೂ ಮೆತ್ತಗಾಗುತ್ತದೆ. ಕರಗುವುದಿಲ್ಲ, ಕಲ್ಲಾಗಿಯೇ ಇರುತ್ತದೆ. ಆದರೆ ಲಕ್ಷಾಂತರ ವರ್ಷ ನಿಧಾನವಾಗಿ ಒತ್ತಿದರೆ ಮುರಿಯದೆ ಬಾಗುತ್ತದೆ. ಅದೇ ಕಲ್ಲು ಮೇಲೆ ತಣ್ಣಗಿರುವಲ್ಲಿ ಒತ್ತಿಸಿಕೊಂಡರೆ ಬಿರುಕು ಬಿಟ್ಟು ಜಾರುತ್ತದೆ. ಬಾಗಿದ್ದಕ್ಕೆ ಮಡಿಕೆ ಅನ್ನುತ್ತೇವೆ. ಮುರಿದು ಜಾರಿದ್ದಕ್ಕೆ ಪಠ್ಯಪುಸ್ತಕದ ಹೆಸರು ಸ್ತರಭಂಗ.

ಹಾಗಾಗಿ ಹೊಳೆ ದಡದಲ್ಲಿ ಸುರುಳಿ ಸುರುಳಿಯಾಗಿ ಮಡಚಿಕೊಂಡ ಬಂಡೆ ಕಂಡರೆ, ಅದು ಒಂದು ಕಾಲಕ್ಕೆ ನಿಮ್ಮ ಕಾಲಡಿಯಿಂದ ಹತ್ತು ಹದಿನೈದು ಕಿಲೋಮೀಟರ್ ಕೆಳಗೆ ಬಿಸಿಯಲ್ಲಿತ್ತು ಎಂದು ಅರ್ಥ. ಮೇಲಿದ್ದ ಅಷ್ಟೂ ಕಲ್ಲು ಸವೆದು ಹೋದ ಮೇಲೆ ಅದು ಬಿಸಿಲು ಕಂಡಿದೆ. ಇದನ್ನು ನಂಬಲು ನನಗೆ ವರ್ಷಗಳೇ ಬೇಕಾದವು. ಓದಿ ತಿಳಿಯುವುದಕ್ಕಿಂತ ಮಾಡಿ ನೋಡಿದರೆ ಬೇಗ ನಂಬಿಕೆ ಬರುತ್ತದೆ. ಅದಕ್ಕೇ ಅಡುಗೆಮನೆಯಿಂದ ಶುರುಮಾಡೋಣ.

ಮೊದಲ ಹೆಜ್ಜೆ: ಹಿಟ್ಟಿನ ಪೆಟ್ಟಿಗೆ

ಒಂದಡಿ ಉದ್ದ, ಅರ್ಧ ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಬೇಕು. ಹಳೆಯ ಮೀನಿನ ತೊಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಡಬ್ಬಿಯೊಳಗೆ ಅಗಲಕ್ಕೆ ಸರಿಯಾಗಿ ಕೂರುವ ಒಂದು ಹಲಗೆ ತುಂಡನ್ನು ಒಂದು ತುದಿಯಲ್ಲಿ ನಿಲ್ಲಿಸಿ. ಆಮೇಲೆ ಅಕ್ಕಿ ಹಿಟ್ಟು ಒಂದು ಪದರ, ರಾಗಿ ಹಿಟ್ಟು ಒಂದು ಪದರ, ಹೀಗೆ ಒಂದರ ಮೇಲೊಂದು ಹರಡಿ. ಪ್ರತಿ ಪದರ ಅರ್ಧ ಸೆಂಟಿಮೀಟರ್ ಇದ್ದರೆ ಸಾಕು. ಆರೆಂಟು ಪದರ ಹಾಕಿ, ಒಂದೊಂದನ್ನೂ ಅಂಗೈಯಲ್ಲಿ ಮೆಲ್ಲಗೆ ಒತ್ತಿ ಮಟ್ಟ ಮಾಡಿ. ಹಿಟ್ಟು ಒಣಗಿರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಹಿಟ್ಟು ಗಂಟುಗಟ್ಟುತ್ತದೆ, ಆಗ ಈ ಆಟ ಕೆಡುತ್ತದೆ.

ಈಗ ಹಲಗೆಯನ್ನು ನಿಧಾನವಾಗಿ ಒಳಕ್ಕೆ ತಳ್ಳಿ. ಅವಸರ ಬೇಡ. ಮೊದಲು ಹಲಗೆಯ ಹತ್ತಿರ ಪದರಗಳು ಉಬ್ಬುತ್ತವೆ. ಬಿಳಿ ಕಂದು ಗೆರೆಗಳು ಬಿಲ್ಲಿನ ಹಾಗೆ ಬಾಗುತ್ತವೆ. ಇನ್ನೂ ಒಂದು ಬೆರಳಿನಷ್ಟು ತಳ್ಳಿದರೆ ಓರೆಯಾಗಿ ಒಂದು ಬಿರುಕು ಮೂಡಿ, ಹಲಗೆಯ ಕಡೆಯ ತುಂಡು ಮುಂದಿನ ತುಂಡಿನ ಮೇಲೆ ಹತ್ತಿ ಕೂರುತ್ತದೆ. ಇನ್ನೂ ತಳ್ಳಿ, ಅದರ ಮುಂದೆ ಇನ್ನೊಂದು ಬಿರುಕು ಏಳುತ್ತದೆ. ಡಬ್ಬಿಯ ಬದಿಯಿಂದ ನೋಡಿದರೆ ಹಂಚು ಜೋಡಿಸಿದ ಹಾಗೆ ಒಂದರ ಮೇಲೊಂದು ತುಂಡು ಒರಗಿರುತ್ತದೆ.

ಹಿಮಾಲಯದಲ್ಲಿ ನಡೆಯುತ್ತಿರುವುದು ಇದೇ. ಅಲ್ಲಿ ತಳ್ಳುತ್ತಿರುವುದು ನಾವೇ, ಅಂದರೆ ಭಾರತದ ಭೂಫಲಕ. ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆದ ಮೇಲೂ ವರ್ಷಕ್ಕೆ ಹತ್ತಿರ ಹತ್ತಿರ 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಲೇ ಇದೆ. ಉಗುರು ಬೆಳೆಯುವಷ್ಟೇ ನಿಧಾನ. ಆದರೆ ಅದು ನಿಂತೇ ಇಲ್ಲ.

ಎಳೆತ ನೋಡಲು ಇನ್ನೊಂದು ಸಲ ಹಿಟ್ಟು ಹಾಕಬೇಕು. ಈ ಬಾರಿ ಡಬ್ಬಿಯ ತಳದ ಅರ್ಧ ಭಾಗಕ್ಕೆ ಮಾತ್ರ ಒಂದು ದಪ್ಪ ಕಾಗದ ಹಾಸಿ, ಅದರ ತುದಿ ಡಬ್ಬಿಯಿಂದ ಹೊರಗೆ ಬರಲಿ. ಪದರ ಹಾಕಿದ ಮೇಲೆ ಕಾಗದವನ್ನು ಮೆಲ್ಲಗೆ ಹೊರಕ್ಕೆ ಎಳೆಯಿರಿ. ನಡುವೆ ಎರಡು ಬಿರುಕು ಎದುರು ಬದುರು ಮೂಡಿ, ಮಧ್ಯದ ತುಂಡು ಕೆಳಗೆ ಕುಸಿಯುತ್ತದೆ. ನರ್ಮದೆ ಹರಿಯುವುದು ಇಂಥ ಕುಸಿದ ತಗ್ಗಿನಲ್ಲಿ.

ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ. ಆಮೇಲೆ ಹಿಟ್ಟೆಲ್ಲ ಬೆರೆತುಹೋಗುತ್ತದೆ. ದನದ ಕಲಗಚ್ಚಿಗೆ ಹಾಕಿದರಾಯಿತು.

ಎರಡನೇದು: ಯಾವಾಗ ಹೋಗುವುದು, ಏನು ಒಯ್ಯುವುದು

ಫೆಬ್ರವರಿಯಿಂದ ಏಪ್ರಿಲ್. ಬೇರೆ ತಿಂಗಳು ಹೋದರೆ ಕಾಲು ನೋವು ಬಿಟ್ಟರೆ ಜಾಸ್ತಿ ಏನೂ ಸಿಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುತ್ತದೆ. ಅಂಥ ನೆಲದಲ್ಲಿ ಬಂಡೆ ಅಂದರೆ ಪಾಚಿ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಮಾತ್ರ ನೀರು ತೊಳೆದು ನುಣುಪಾಗಿಸಿದ ಕಲ್ಲು ಹೊರಗೆ ಬರುತ್ತದೆ. ಕಲ್ಲಿನ ಗೆರೆ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ತೀರ್ಥಹಳ್ಳಿಯಲ್ಲಿ ತುಂಗೆಯ ಪಾತ್ರ, ಮಂಡಗದ್ದೆಯ ಹತ್ತಿರದ ಬಂಡೆಗಳು, ನಿಮ್ಮೂರಿನ ಹಳ್ಳ, ಯಾವುದಾದರೂ ಸರಿ. ಅಣೆಕಟ್ಟಿನ ಕೆಳಗೆ ಮಾತ್ರ ಬೇಡ, ನೀರು ಯಾವಾಗ ಬಿಡುತ್ತಾರೋ ಗೊತ್ತಾಗುವುದಿಲ್ಲ.

ಘಾಟಿ ರಸ್ತೆಯಲ್ಲಿ ಗುಡ್ಡ ಕಡಿದ ಜಾಗಗಳೂ ಚೆನ್ನಾಗಿರುತ್ತವೆ. ಆದರೆ ತಿರುವಿನಲ್ಲಿ ಬೈಕ್ ನಿಲ್ಲಿಸಿ ಗೋಡೆ ನೋಡುತ್ತಾ ನಿಂತರೆ ಹಿಂದಿನಿಂದ ಬರುವ ಲಾರಿಯವನಿಗೆ ಭೂವಿಜ್ಞಾನ ಗೊತ್ತಿರುವುದಿಲ್ಲ. ಬಿಟ್ಟುಹೋದ ಕಲ್ಲುಕ್ವಾರಿಯ ನೀರಿನ ಅಂಚಿಗೂ ಹೋಗಬೇಡಿ. ಕುದುರೆಮುಖ, ಆಗುಂಬೆ, ಕೊಡಚಾದ್ರಿ ಎಲ್ಲ ಕಾಡಿನ ಜಾಗ. ಅರಣ್ಯ ಇಲಾಖೆಯ ಅನುಮತಿ ಬೇಕಾದಲ್ಲಿ ಪಡೆದೇ ಹೋಗಿ. ಸುತ್ತಿಗೆ ಮನೆಯಲ್ಲೇ ಇರಲಿ. ಒಡೆಯುವ ಅಗತ್ಯವೇ ಇಲ್ಲ, ಕಣ್ಣು ಸಾಕು.

ಒಯ್ಯಬೇಕಾದದ್ದು ಒಂದು ನೋಟ್‌ಬುಕ್, ಪೆನ್ಸಿಲ್, ನೀರಿನ ಬಾಟಲಿ, ಫೋನು. ಒಂದು ಹಳೆ ಬ್ರಷ್ ಇದ್ದರೆ ಮಣ್ಣು ಒರೆಸಲು ಆಗುತ್ತದೆ. ನೀರು ಕುಡಿಯುವುದಕ್ಕೆ ಮಾತ್ರವಲ್ಲ, ಅದರ ಕೆಲಸ ಮುಂದೆ ಬರುತ್ತದೆ.

ಮೂರನೇದು: ಗೆರೆ ಯಾವುದು, ಪದರ ಯಾವುದು

ಎಲ್ಲರೂ ಎಡವುವುದು ಇಲ್ಲೇ. ಮಲೆನಾಡಿನಲ್ಲಿ ಕಣ್ಣಿಗೆ ಮೊದಲು ಬೀಳುವ ಕಲ್ಲು ಜಂಬಿಟ್ಟಿಗೆ. ಮನೆ, ಪಾಗಾರ, ಬಾವಿ ಎಲ್ಲ ಅದರದ್ದೇ. ಅದರಲ್ಲಿ ಮಡಿಕೆ ಹುಡುಕಬೇಡಿ. ಕೆಳಗಿನ ಕಲ್ಲು ಮಳೆ ಬಿಸಿಲಿಗೆ ಕೊಳೆತು, ಕಬ್ಬಿಣ ಅಲ್ಯೂಮಿನಿಯಂ ಮಾತ್ರ ಉಳಿದು ಆದದ್ದು ಅದು. ಹಳೆಯ ಗೆರೆಗಳೆಲ್ಲ ಅಳಿಸಿಹೋಗಿರುತ್ತವೆ. ಬಂಡೆ ಓದುವವರಿಗೆ ಜಂಬಿಟ್ಟಿಗೆ ಅಂದರೆ ಪುಸ್ತಕಕ್ಕೆ ಹಾಕಿದ ಕೆಂಪು ರಟ್ಟು.

ಅದರ ಕೆಳಗೆ ಇರುವುದು ನಿಜವಾದ ಕಥೆ. ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬೂದು ಬಿಳಿ ಪಟ್ಟೆಯ ನೈಸ್ ಶಿಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಜಾತಿ. ಕರ್ನಾಟಕದಲ್ಲಿ ಇದರ ವಯಸ್ಸು ಹೆಚ್ಚಾಗಿ 300ರಿಂದ 340 ಕೋಟಿ ವರ್ಷ. ಎರಡನೆಯದು ಅದರ ಮೇಲೆ ಕೂತ ಧಾರವಾಡ ಶಿಲೆಗಳು, ಸುಮಾರು 290ರಿಂದ 260 ಕೋಟಿ ವರ್ಷ ಹಳೆಯವು. ಸಮುದ್ರದ ತಳದಲ್ಲಿ ಕೂತ ಮರಳು, ಕೆಸರು, ಲಾವಾ, ಕಬ್ಬಿಣದ ಗಸಿ ಎಲ್ಲ ಕಲ್ಲಾಗಿ, ಹಿಂಡಿಸಿಕೊಂಡು ಹೀಗಾಗಿವೆ. ಶಿವಮೊಗ್ಗ ಜಿಲ್ಲೆಯ ಬಹುಭಾಗ ಈ ಪಟ್ಟಿಯ ಮೇಲೇ ಕೂತಿದೆ. ಕುಂಸಿಯ ಮ್ಯಾಂಗನೀಸ್, ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ಇವೆಲ್ಲ ಆ ಗುಂಪಿನವೇ.

ಕಲ್ಲಿನ ಮುಂದೆ ನಿಂತಾಗ ಮೂರು ಬಗೆಯ ಗೆರೆ ಕಾಣಬಹುದು. ಬಣ್ಣ ಬದಲಾಗುವ ಗೆರೆ ಪದರ. ಬಣ್ಣ ಒಂದೇ ಇದ್ದು, ಹಾಳೆ ಹಾಳೆಯಾಗಿ ಬಿಡುವ ಗೆರೆ ಕಲ್ಲಿನ ಎಳೆ. ಒತ್ತಡಕ್ಕೆ ಒಳಗಿನ ಚಪ್ಪಟೆ ಹರಳುಗಳೆಲ್ಲ ಒಂದೇ ಕಡೆ ಮಲಗಿ ಆದದ್ದು ಅದು. ಸೀದಾ ಹೋಗುವ, ಎರಡೂ ಬದಿಯಲ್ಲಿ ಏನೂ ಜಾರಿರದ ಬಿರುಕು ಬರೀ ಸೀಳು. ಕಲ್ಲು ಒಡೆಯುವವರಿಗೆ ಈ ವ್ಯತ್ಯಾಸ ಹುಟ್ಟಿದಾಗಿನಿಂದ ಗೊತ್ತು. ಎಳೆ ನೋಡದೆ ಅವರು ಉಳಿ ಇಡುವುದೇ ಇಲ್ಲ. ಅಂಥವರು ಸಿಕ್ಕರೆ ಒಂದು ಲೋಟ ಕಾಫಿ ಕೊಟ್ಟು ಕೇಳಿ, ಪುಸ್ತಕಕ್ಕಿಂತ ಚೆನ್ನಾಗಿ ತೋರಿಸುತ್ತಾರೆ.

ನಾನೇ ಮೋಸ ಹೋದದ್ದು ಹೇಳುತ್ತೇನೆ. ನಮ್ಮ ತೋಟದ ಬಾವಿ ತೆಗೆಯುವಾಗ ಕಲ್ಲಿನಲ್ಲಿ ಒಂದು ಸೀದಾ ಸೀಳು ಕಂಡು, "ಸ್ತರಭಂಗ ಸಿಕ್ಕಿತು" ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಗೋಡೆ ತೊಳೆದು ನೋಡಿದರೆ ಸೀಳಿನ ಆಚೆ ಈಚೆ ಬೆಣಚಿನ ಬಿಳಿ ಗೆರೆ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಂಡಿತ್ತು. ಜಾರಿಲ್ಲ ಅಂದ ಮೇಲೆ ಸ್ತರಭಂಗ ಎಲ್ಲಿಂದ ಬಂತು?

ನಾಲ್ಕನೇದು: ವಾಟ ಅಳೆಯುವುದು

ಗಾರೆಯವರು ಬಚ್ಚಲಿಗೆ ನೆಲ ಹಾಕುವಾಗ "ನೀರು ಹೋಗೋಕೆ ವಾಟ ಕೊಡಿ" ಅನ್ನುತ್ತೇವಲ್ಲ, ಕಲ್ಲಿನ ಪದರಕ್ಕೂ ಅದೇ ವಾಟ. ಪದರದ ಮೈ ಹೊರಗೆ ಕಾಣುವ ಜಾಗ ಹುಡುಕಿ, ಬಾಟಲಿಯಿಂದ ಸ್ವಲ್ಪ ನೀರು ಬಿಡಿ. ನೀರು ಹರಿದ ದಿಕ್ಕೇ ವಾಟದ ದಿಕ್ಕು. ಆ ಒದ್ದೆ ಗೆರೆಗೆ ಸರಿಯಾಗಿ ಅಡ್ಡಕ್ಕೆ, ಮಟ್ಟವಾಗಿ ಒಂದು ಗೆರೆ ಕಲ್ಪಿಸಿಕೊಳ್ಳಿ. ಪದರ ಹಾಯುವ ದಿಕ್ಕು ಅದು. ಫೋನನ್ನು ಒದ್ದೆ ಗೆರೆಯ ಮೇಲೆ ಉದ್ದಕ್ಕೆ ಇಟ್ಟು, ಮಟ್ಟ ನೋಡುವ ಆ್ಯಪ್ ತೆರೆದರೆ ಎಷ್ಟು ಡಿಗ್ರಿ ಎಂದು ತೋರಿಸುತ್ತದೆ. ನೋಟ್‌ಬುಕ್ಕಿನಲ್ಲಿ "ಹಾಯುವುದು ಉತ್ತರ-ದಕ್ಷಿಣ, ವಾಟ ಪೂರ್ವಕ್ಕೆ 60" ಎಂದು ಬರೆದರೆ ಮುಗಿಯಿತು.

ದಿಕ್ಸೂಚಿಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಬಾಬಾಬುಡನ್ ಸಾಲು, ಕೊಡಚಾದ್ರಿಯಂಥ ಕಡೆ ಕಲ್ಲಿನಲ್ಲೇ ಕಬ್ಬಿಣ. ಅಲ್ಲಿಯ ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತದ ಗುಣದ ಅದಿರು ದಿಕ್ಸೂಚಿಯ ಮುಳ್ಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಒಮ್ಮೆ ಬಂಡೆಯ ಮೇಲೆ ಇಟ್ಟು, ಆಮೇಲೆ ಎದ್ದು ನಿಂತು ಎದೆಯ ಮಟ್ಟದಲ್ಲಿ ಹಿಡಿದು ನೋಡಿ. ಎರಡೂ ಬೇರೆ ದಿಕ್ಕು ತೋರಿಸಿದರೆ ಆ ದಿನ ದಿಕ್ಸೂಚಿಯನ್ನು ಜೇಬಿಗೆ ಹಾಕಿ, ಸೂರ್ಯನನ್ನೋ ಫೋನಿನ ಮ್ಯಾಪನ್ನೋ ನಂಬಿ. ಫೋನಿನ ಕವರಿನಲ್ಲಿ ಅಯಸ್ಕಾಂತದ ಗುಂಡಿ ಇದ್ದರೂ ಇದೇ ಕಥೆ.

ಐದನೇದು: ಮಡಿಕೆ ಹಿಡಿಯುವುದು

ಅಂಗೈಯಷ್ಟು ದೊಡ್ಡ ಮಡಿಕೆ ಕಾಣುವುದು ಸುಲಭ. ಅದಕ್ಕೆ ಪಟ್ಟೆ ಕಬ್ಬಿಣದ ಕಲ್ಲಿನಷ್ಟು ಚಂದದ್ದು ಇನ್ನೊಂದಿಲ್ಲ. ಒಂದು ಪಟ್ಟೆ ಕಪ್ಪು ಕಬ್ಬಿಣ, ಒಂದು ಪಟ್ಟೆ ಬಿಳಿ ಅಥವಾ ಕೆಂಪು ಸಿಲಿಕಾ. ಪಟ್ಟೆ ಸೀರೆಯ ನೆರಿಗೆ ಹಿಡಿದ ಹಾಗೆ ಅವು ಮಡಚಿಕೊಂಡಿರುತ್ತವೆ. ತಿರುವಿನಲ್ಲಿ ಪಟ್ಟೆ ದಪ್ಪ, ಮಗ್ಗುಲಲ್ಲಿ ತೆಳುವಾಗಿರುತ್ತದೆ. ಬೆರಳಿಟ್ಟು ಅಳೆದು ನೋಡಿ. ಕಲ್ಲು ಮೆತ್ತಗಿದ್ದಾಗ ಮಗ್ಗುಲಿನಿಂದ ಹಿಂಡಿಕೊಂಡು ತಿರುವಿಗೆ ಹೋದ ಗುರುತು ಅದು. ಆರಿದ ತೊಡೆದೇವಿನಲ್ಲಿ ಇದು ಆಗುವ ಕೆಲಸವಲ್ಲ.

ದೊಡ್ಡ ಮಡಿಕೆ ಒಂದೇ ನೋಟಕ್ಕೆ ಸಿಗುವುದಿಲ್ಲ. ಅದರ ಮೇಲೆ ನಡೆಯಬೇಕು. ಹಳ್ಳದ ಉದ್ದಕ್ಕೆ ನಡೆಯುತ್ತಾ ಐವತ್ತು ಹೆಜ್ಜೆಗೊಮ್ಮೆ ವಾಟ ಬರೆದುಕೊಳ್ಳಿ. ಮೊದಲು ಪಶ್ಚಿಮಕ್ಕೆ ವಾಟ, ಮುಂದೆ ಹೋದರೆ ಪೂರ್ವಕ್ಕೆ ವಾಟ ಬಂತು ಎಂದಿಟ್ಟುಕೊಳ್ಳಿ. ನೀವು ಪಶ್ಚಿಮದಿಂದ ಪೂರ್ವಕ್ಕೆ ನಡೆದಿದ್ದರೆ ಅದು ಹೆಂಚಿನ ಮನೆಯ ಮಾಡು ಇದ್ದ ಹಾಗೆ. ಎರಡೂ ಬದಿಯ ನೀರು ದೂರ ದೂರ ಹರಿಯುತ್ತದೆ. ಇದು ಮೇಲ್ಮಡಿಕೆ. ಮೊದಲು ಪೂರ್ವಕ್ಕೆ, ಆಮೇಲೆ ಪಶ್ಚಿಮಕ್ಕೆ ವಾಟ ಬಂದರೆ, ಎರಡು ಮಾಡಿನ ನೀರು ಕೂಡುವ ದೋಣಿಯ ಹಾಗೆ ಕೆಳಮಡಿಕೆ.

ಇಷ್ಟೇ ಆಗಿದ್ದರೆ ಸಲೀಸಿತ್ತು. ಆದರೆ ನಮ್ಮ ಕಡೆ ಹಲವು ಮಡಿಕೆಗಳು ನೆರಿಗೆಯ ಹಾಗೆ ಬಿಗಿಯಾಗಿ ಒತ್ತಿಕೊಂಡು, ಒಂದೇ ಕಡೆಗೆ ವಾಲಿವೆ. ಎರಡೂ ಮಗ್ಗುಲಿನ ವಾಟ ಒಂದೇ ದಿಕ್ಕಿಗೆ ಬರುತ್ತದೆ. ವಾಟ ನೋಡಿದರೆ ಮಡಿಕೆಯೇ ಇಲ್ಲ ಅನ್ನಿಸುತ್ತದೆ. ಆಗ ಪದರದೊಳಗಿನ ಪುಟ್ಟ ಸುಕ್ಕುಗಳನ್ನು ನೋಡಬೇಕು. ಒಂದು ಮಗ್ಗುಲಲ್ಲಿ ಅವು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ, ಇನ್ನೊಂದು ಮಗ್ಗುಲಲ್ಲಿ ಝಡ್ ಹಾಗೆ, ತಿರುವಿನಲ್ಲಿ ಎಂ ಹಾಗೆ ಇರುತ್ತವೆ. ನಡೆಯುತ್ತಾ ಹೋದಂತೆ ಎಸ್ ಮುಗಿದು ಎಂ ಬಂದು ಝಡ್ ಶುರುವಾದರೆ ನೀವು ದೊಡ್ಡ ಮಡಿಕೆಯ ತಿರುವು ದಾಟಿದಿರಿ. ನೋಡುವಾಗ ಪ್ರತಿ ಸಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು, ತಿರುಗಿ ನಿಂತರೆ ಎಸ್ ಝಡ್ ಆಗಿಬಿಡುತ್ತದೆ.

ಯಾವ ಕಡೆಯಿಂದ ಒತ್ತಿತ್ತು ಎಂಬುದಕ್ಕೆ ಮೇಜಿನ ಮೇಲೆ ಒಂದು ಟವೆಲ್ ಹಾಸಿ ಎರಡೂ ಕೈಯಿಂದ ಒಳಕ್ಕೆ ತಳ್ಳಿ. ಸುಕ್ಕು ಕೈಗೆ ಅಡ್ಡಕ್ಕೆ ಏಳುತ್ತದೆ. ಪಶ್ಚಿಮ ಕರ್ನಾಟಕದ ಧಾರವಾಡ ಪಟ್ಟಿಗಳು ಹೆಚ್ಚು ಕಡಿಮೆ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಹಾಯುತ್ತವೆ. ಅಂದರೆ ಒತ್ತಿದ ಕೈಗಳು ಸರಿಸುಮಾರು ಪೂರ್ವ ಪಶ್ಚಿಮದಲ್ಲಿದ್ದವು.

ಆರನೇದು: ಸ್ತರಭಂಗ

ಪರೀಕ್ಷೆ ಒಂದೇ. ಬಿರುಕಿನ ಆಚೆ ಈಚೆ ಗುರುತಿನ ಗೆರೆ ತಪ್ಪಿದೆಯೋ ಇಲ್ಲವೋ? ಬೆಣಚಿನ ಬಿಳಿ ಗೆರೆ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಎಷ್ಟು ಬೆರಳು ತಪ್ಪಿದೆ ಎಂದು ಅಳೆದು ಬರೆಯಿರಿ.

ಬಿರುಕು ಓರೆಯಾಗಿದ್ದರೆ ಒಂದು ತುಂಡು ಅದರ ಮೇಲೆ ಒರಗಿರುತ್ತದೆ, ಇನ್ನೊಂದು ಅಡಿಯಲ್ಲಿರುತ್ತದೆ. ಒರಗಿದ ತುಂಡು ಕೆಳಗೆ ಜಾರಿದ್ದರೆ ಆ ನೆಲವನ್ನು ಯಾರೋ ಎಳೆದಿದ್ದಾರೆ. ಮೇಲೆ ಹತ್ತಿದ್ದರೆ ಒತ್ತಿದ್ದಾರೆ. ನಿಮ್ಮ ಹಿಟ್ಟಿನ ಪೆಟ್ಟಿಗೆಯಲ್ಲಿ ಎರಡೂ ನೋಡಿದ್ದೀರಿ. ಮೇಲೂ ಇಲ್ಲ ಕೆಳಗೂ ಇಲ್ಲ, ಪಕ್ಕಕ್ಕೆ ಜರುಗಿದ್ದರೆ ಎರಡು ಬಸ್ಸು ಮೈ ಉಜ್ಜಿಕೊಂಡು ಹೋದ ಹಾಗೆ ಒರೆಸಿಕೊಂಡು ಹೋಗಿದೆ ಎಂದು ಅರ್ಥ.

ಉಜ್ಜಿದ ಗುರುತೂ ಸಿಗುತ್ತದೆ. ಬಿರುಕಿನ ಮುಖ ಕೆಲವು ಕಡೆ ಪಾಲಿಶ್ ಹಾಕಿದಂತೆ ಹೊಳೆಯುತ್ತದೆ, ಅದರ ಮೇಲೆ ಸಣ್ಣ ಗೀರುಗಳು. ಕಣ್ಣು ಮುಚ್ಚಿ ಅಂಗೈಯನ್ನು ಗೀರಿನ ಉದ್ದಕ್ಕೆ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಸವರಿ. ಬೆಕ್ಕಿನ ಮೈ ಸವರಿದ ಹಾಗೆ ಒಂದು ಕಡೆಗೆ ನುಣುಪು, ಎದುರು ಕಡೆಗೆ ತರಿತರಿ. ನುಣುಪಾದ ದಿಕ್ಕಿಗೆ, ಈಗ ಅಲ್ಲಿಲ್ಲದ ಆಚೆಯ ತುಂಡು ಜಾರಿದೆ. ಇದು ನೂರಕ್ಕೆ ನೂರು ನಂಬುವಂಥದ್ದಲ್ಲ, ಗೆರೆ ತಪ್ಪಿದ್ದನ್ನೂ ಜೊತೆಗೆ ನೋಡಬೇಕು. ಆದರೂ ಸಾವಿರಾರು ಟನ್ ಕಲ್ಲು ಜಾರಿದ ದಿಕ್ಕು ಅಂಗೈಗೆ ಗೊತ್ತಾಗುತ್ತದಲ್ಲ, ನನಗಂತೂ ಈ ಇಡೀ ಕೆಲಸದಲ್ಲಿ ಅದೇ ಖುಷಿ.

ದೊಡ್ಡ ಸ್ತರಭಂಗಗಳು ಹೀಗೆ ನೀಟಾಗಿ ಸಿಗುವುದಿಲ್ಲ. ಜಾರುವಾಗ ಕಲ್ಲು ಪುಡಿಪುಡಿಯಾಗಿರುತ್ತದೆ. ಆ ಪುಡಿ ಬೇಗ ಕೊಳೆತು ಮಣ್ಣಾಗುತ್ತದೆ, ಹಳ್ಳ ಅದೇ ದಾರಿ ಹಿಡಿಯುತ್ತದೆ, ಬೇಸಿಗೆಯಲ್ಲೂ ಆರದ ಒರತೆ ಸಾಲಾಗಿ ಇರುತ್ತವೆ. ಬೋರ್‌ವೆಲ್‌ಗೆ ನೀರು ಸಿಗುವುದೂ ಇಂಥ ಒಡೆದ ಕಲ್ಲಿನಲ್ಲೇ. ನಮ್ಮ ತೋಟದಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವರ ಮಾತು ಕೇಳಿ 400 ಅಡಿ ಕೊರೆಸಿದೆವು, ಧೂಳು ಬಂತು. ಒರತೆ ಇದ್ದದ್ದು ಅಲ್ಲಿಂದ ಅರ್ಧ ಫರ್ಲಾಂಗ್ ಆಚೆ, ಕಲ್ಲು ಒಡೆದು ನುಗ್ಗಾಗಿದ್ದ ಹಳ್ಳದ ಬದಿಯಲ್ಲಿ. ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ.

ಮಳೆಗಾಲದಲ್ಲಿ ಗುಡ್ಡದ ಇಳಿಜಾರಿನಲ್ಲಿ, ತೋಟದ ಧರೆಯ (ಕಡಿದಾದ ಮಣ್ಣಿನ ಅಂಚಿನ) ಮೇಲೆ ಉದ್ದಕ್ಕೆ ಬಿಡುವ ಬಿರುಕು ಸ್ತರಭಂಗವಲ್ಲ. ಅದು ನೀರು ಕುಡಿದ ಮಣ್ಣು ಜಾರಲು ಶುರುಮಾಡಿದ್ದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ನೆನಪಿದೆ ಅಲ್ವಾ? ಅಂಥ ಬಿರುಕು ಕಂಡರೆ ನೋಟ್‌ಬುಕ್ ತೆಗೆಯಬೇಡಿ. ಕೆಳಗಿನ ಮನೆಯವರನ್ನು ಎಬ್ಬಿಸಿ, ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ ತಿಳಿಸಿ.

ಏಳನೇದು: ಗುಡ್ಡದ ಆಕಾರ ನಂಬಬೇಡಿ

ಇಷ್ಟು ಮಾಡಿದ ಮೇಲೆ ಎಲ್ಲರಿಗೂ ಬರುವ ಯೋಚನೆ ಒಂದೇ. ಮಡಿಕೆ ಇದೆ, ಬೆಟ್ಟವೂ ಇದೆ, ಹಾಗಾದರೆ ಸಹ್ಯಾದ್ರಿ ಹಿಮಾಲಯದ ಹಾಗೆ ಮಡಚಿಕೊಂಡು ಎದ್ದದ್ದು. ನಾನೂ ಹಾಗೇ ತಿಳಿದಿದ್ದೆ. ಅದು ತಪ್ಪು.

ನಮ್ಮ ಮಡಿಕೆಗಳು ಸುಮಾರು 250 ಕೋಟಿ ವರ್ಷ ಹಳೆಯವು. ಆಗ ಎದ್ದಿರಬಹುದಾದ ಬೆಟ್ಟಗಳೆಲ್ಲ ಯಾವತ್ತೋ ಸವೆದು ನೆಲಸಮ. ಈಗ ಕಾಣುವ ಘಟ್ಟದ ಕಥೆ ತೀರಾ ಈಚಿನದು. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಅಂಚಿನಿಂದ ಕಿತ್ತುಕೊಂಡು ಹೋಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬದ ಲಾವಾ ಆ ಕಾಲದ್ದು. ಮುರಿದ ಅಂಚು ಎತ್ತರಕ್ಕೆದ್ದಿತು. ಆಮೇಲಿಂದ ಮಳೆ ಅದನ್ನು ಕೊರೆಯುತ್ತಾ ಪೂರ್ವಕ್ಕೆ ಹಿಂದೆ ಸರಿಸುತ್ತಾ ಬಂದಿದೆ. ಅಂದರೆ ಘಟ್ಟ ಒಂದು ಮಡಿಕೆಯಲ್ಲ, ಸವೆದ ಧರೆ.

ಇದಕ್ಕೆ ಸಾಕ್ಷಿ ಹೊಳೆಗಳು. ತುಂಗೆ ಭದ್ರೆ ಗಂಗಾಮೂಲದಲ್ಲಿ ಹುಟ್ಟುತ್ತವೆ. ಅರಬ್ಬಿ ಸಮುದ್ರ ಕೂಗಳತೆಯಲ್ಲಿದೆ ಅನ್ನಿಸುವಷ್ಟು ಹತ್ತಿರ. ಆದರೂ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟು, ಕೂಡಲಿಯಲ್ಲಿ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಅಂಚು ಎತ್ತರ, ನೆಲದ ವಾಟ ಪೂರ್ವಕ್ಕೆ. ಕೆಲವು ಹೊಳೆಗಳು ಮಾತ್ರ ಧರೆಯನ್ನು ದಾಟಿ ಪಶ್ಚಿಮಕ್ಕೆ ಇಳಿಯುತ್ತವೆ; ಶರಾವತಿ ಜೋಗದಲ್ಲಿ 253 ಮೀಟರ್ ಕೆಳಗೆ ಬೀಳುತ್ತದೆ.

ಇನ್ನೊಂದು ತಮಾಷೆ ಇದೆ. ಫೋನಿನಲ್ಲಿ ಉಪಗ್ರಹ ಚಿತ್ರ ತೆರೆದು ಚಿಕ್ಕಮಗಳೂರಿನ ಉತ್ತರಕ್ಕೆ ನೋಡಿ. ಬಾಬಾಬುಡನ್ ಸಾಲು ಕುದುರೆ ಲಾಳದ ಹಾಗೆ ಬಾಗಿ ನಿಂತಿದೆ. ಅಲ್ಲಿಯ ಪದರಗಳ ಒಟ್ಟು ಆಕಾರ ಬಟ್ಟಲಿನಂಥ ಕೆಳಮಡಿಕೆ. ಬಟ್ಟಲು ತಗ್ಗಿನಲ್ಲಿರಬೇಕಿತ್ತು, ಆದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಇರುವುದು ಅದರಲ್ಲೇ. ಮೇಲಿನ ಪಟ್ಟೆ ಕಬ್ಬಿಣದ ಕಲ್ಲು ಗಟ್ಟಿ. ಸುತ್ತಲಿನ ಮೆತ್ತನೆಯ ಕಲ್ಲು ಸವೆದರೂ ಅದು ಜಗ್ಗಲಿಲ್ಲ, ಶಿಖರವಾಗಿ ಉಳಿಯಿತು. ಬೆಟ್ಟ ಕಂಡಲ್ಲಿ ಮೇಲ್ಮಡಿಕೆ, ಕಣಿವೆ ಕಂಡಲ್ಲಿ ಕೆಳಮಡಿಕೆ ಎಂದು ಬರೆಯುವ ಮೊದಲು ಇದನ್ನು ನೆನಪಿಸಿಕೊಳ್ಳಿ. ವಾಟ ಅಳೆಯದೆ ಏನನ್ನೂ ಬರೆಯಬೇಡಿ.

ಹಾಗಂತ ಈ ಹಳೇ ನೆಲ ಸತ್ತೇಹೋಗಿದೆ ಅಂತಲೂ ಅಲ್ಲ. ಹಿಮಾಲಯದ ಕಡೆಗಿನ ತಳ್ಳಾಟದ ಒತ್ತಡ ದಕ್ಷಿಣದವರೆಗೂ ಬರುತ್ತದೆ. ಮಹಾರಾಷ್ಟ್ರದಲ್ಲಿ 1967ರ ಡಿಸೆಂಬರ್ 11ರಂದು ಕೊಯ್ನಾ, 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಭೂಕಂಪಕ್ಕೆ ನಡುಗಿದವು. ಕಿಲ್ಲಾರಿಯಲ್ಲಿ ಒರಗಿದ ತುಂಡು ಮೇಲಕ್ಕೆ ಹತ್ತಿತ್ತು, ಹಿಟ್ಟಿನ ಪೆಟ್ಟಿಗೆಯಲ್ಲಿ ಆದ ಹಾಗೇ.

ಕೊನೆಯದು: ಯಾವುದು ಮೊದಲು, ಯಾವುದು ಆಮೇಲೆ

ನಮ್ಮೂರಿನ ಹೊಳೆಯಲ್ಲಿ ಬಟ್ಟೆ ಒಗೆಯುವ ಒಂದು ಚಪ್ಪಟೆ ಬಂಡೆ ಇದೆ. ಮಂಚದಷ್ಟು ಅಗಲ. ಹೋದ ಮಾರ್ಚ್‌ನಲ್ಲಿ ಅದರ ಮುಂದೆ ಒಂದು ಮಧ್ಯಾಹ್ನ ಕೂತು ಚಿತ್ರ ಬರೆದುಕೊಂಡೆ. ಬೂದು ಬಿಳಿ ಪಟ್ಟೆಗಳು ಹಾವಿನ ಹಾಗೆ ಮಡಚಿಕೊಂಡಿವೆ. ಅವುಗಳ ನಡುವೆ ಬೆರಳು ದಪ್ಪದ ಬೆಣಚಿನ ಗೆರೆ, ಅದೂ ಪಟ್ಟೆಗಳ ಜೊತೆಗೇ ಬಾಗಿದೆ. ಒಂದು ಸೀದಾ ಬಿರುಕು ಆ ಗೆರೆಯನ್ನು ತುಂಡು ಮಾಡಿ ನಾಲ್ಕು ಬೆರಳು ಪಕ್ಕಕ್ಕೆ ಜರುಗಿಸಿದೆ. ಬಂಡೆಯ ತುದಿಯಲ್ಲಿ ಗೇಣಗಲದ ಕರಿಕಲ್ಲಿನ ಪಟ್ಟಿ ಎಲ್ಲವನ್ನೂ ಕತ್ತರಿಸಿಕೊಂಡು ನೆಟ್ಟಗೆ ಹೋಗುತ್ತದೆ. ಬಿರುಕು ಆ ಕರಿ ಪಟ್ಟಿಯವರೆಗೆ ಬಂದು, ಆಚೆ ಬದಿಯಲ್ಲಿ ಮತ್ತೆ ಮುಂದುವರಿಯುತ್ತದೆ. ಕರಿ ಪಟ್ಟಿಯ ಅಂಚು ಮಾತ್ರ ಒಂದಿಷ್ಟೂ ತಪ್ಪಿಲ್ಲ.

ಕತ್ತರಿಸಿದ್ದು ಯಾವಾಗಲೂ ಕತ್ತರಿಸಿಕೊಂಡದ್ದಕ್ಕಿಂತ ಕಿರಿಯದು. ಇಷ್ಟೇ ನಿಯಮ. ಬೆಣಚು ಬಾಗಿದೆ, ಹಾಗಾಗಿ ಅದು ಮಡಿಕೆಗಿಂತ ಮೊದಲೇ ಅಲ್ಲಿತ್ತು. ಬಿರುಕು ಬಾಗಿದ ಬೆಣಚನ್ನು ಕಡಿದಿದೆ, ಹಾಗಾಗಿ ಮಡಿಕೆ ಆದ ಮೇಲೆ, ಕಲ್ಲು ಮೇಲೆದ್ದು ಆರಿದ ಮೇಲೆ ಅದು ಮೂಡಿತು. ಕರಿಕಲ್ಲು ಕೊನೆಯದು. ಕೆಳಗಿನಿಂದ ಕರಗಿದ ಕಲ್ಲುರಸ ಸೀಳಿನಲ್ಲಿ ನುಗ್ಗಿ ಹೆಪ್ಪುಗಟ್ಟಿತು, ಆಮೇಲೆ ಬಿರುಕು ಜಾರಲೇ ಇಲ್ಲ. ನೋಟ್‌ಬುಕ್ಕಿನಲ್ಲಿ ನಾನು ಬರೆದದ್ದು ನಾಲ್ಕೇ ಸಾಲು:

ಪಟ್ಟೆ, ಬೆಣಚು.
ಮಡಿಕೆ. ಬಿಸಿ, ಆಳ.
ಬಿರುಕು, 4 ಬೆರಳು ಪಕ್ಕಕ್ಕೆ. ತಣ್ಣಗೆ.
ಕರಿಕಲ್ಲು.

ಫೋಟೋ ತೆಗೆಯುವಾಗ ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಡಿ, ಇಲ್ಲದಿದ್ದರೆ ಆಮೇಲೆ ಮಡಿಕೆ ಬೆರಳಿನಷ್ಟೋ ಮನೆಯಷ್ಟೋ ಯಾರಿಗೂ ತಿಳಿಯುವುದಿಲ್ಲ. ಜೂನ್ ಹೊತ್ತಿಗೆ ಆ ಬಂಡೆ ನೀರಿನಡಿ ಹೋಗುತ್ತದೆ. ಮುಂದಿನ ಫೆಬ್ರವರಿಯವರೆಗೆ ಬಟ್ಟೆಯನ್ನೂ ಮನೆಯಲ್ಲೇ ಒಗೆಯಬೇಕು.